ಕಪಾಟಿನಲ್ಲಿ ಉಳಿದ ಹಳೆಯ ಪೌಂಡ್ ನೋಟು: ಬದಲಿಸಿಕೊಳ್ಳುವುದು ಹೇಗೆ?

ಲಂಡನ್ನಿನಲ್ಲಿ ಓದಿ ಬಂದ ಮಗಳ ಪರ್ಸಿನಲ್ಲೋ ಮಗನ ಮನೆಗೆ ಹೋಗಿಬಂದ ಅಜ್ಜಿಯ ಟ್ರಂಕಿನಲ್ಲೋ ಒಂದೆರಡು ಪೌಂಡ್ ನೋಟು ಉಳಿದುಬಿಟ್ಟಿರುತ್ತವೆ. 2016ರ ನವೆಂಬರ್ 8ರ ರಾತ್ರಿಯನ್ನು ಕಂಡ ನಮಗೆ ನೋಟು ಚಲಾವಣೆಯಲ್ಲಿಲ್ಲ ಎಂದರೆ ದುಡ್ಡು ಹೋಯಿತು ಎಂದೇ ಅನಿಸುತ್ತದೆ. ಬ್ರಿಟನ್ನಿನ ರೀತಿ ಬೇರೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರಡಿಸಿದ ನೋಟು ಅಸಲಿಯಾಗಿದ್ದರೆ, ಎಷ್ಟು ವರ್ಷ ಕಳೆದರೂ ಅದರ ಮುಖಬೆಲೆಯನ್ನು ಆ ಬ್ಯಾಂಕು ಕೊಡುತ್ತದೆ. ದಯವಿಟ್ಟು ಎಸೆಯಬೇಡಿ.

ಮೊದಲು ನೋಟನ್ನು ಮುಟ್ಟಿ ನೋಡಿ. ಹಳೆಯವು ಹತ್ತಿ ಮತ್ತು ಲಿನನ್ ನಾರಿನ ಕಾಗದದವು. ಹೊಸವು ಪಾಲಿಮರ್, ಅಂದರೆ ತೆಳುವಾದ ಪ್ಲಾಸ್ಟಿಕ್: ನುಣುಪಾಗಿರುತ್ತವೆ, ಆಚೆಬದಿ ಕಾಣುವ ಪಾರದರ್ಶಕ ಕಿಂಡಿ ಇರುತ್ತದೆ. (ಮಡಿಕೆ ಬಿದ್ದಿದೆಯೆಂದು ಇಸ್ತ್ರಿ ಹಾಕಬೇಡಿ, ಬಿಸಿಗೆ ಮುದುಡಿಹೋಗುತ್ತದೆ.) ಪಾಲಿಮರ್ ನೋಟಾಗಿದ್ದರೆ ಚಿಂತೆಯಿಲ್ಲ, ಅಲ್ಲಿ ಈಗಲೂ ನಡೆಯುತ್ತದೆ. 2024ರ ಜೂನ್ 5ರಂದು ಮೂರನೇ ಚಾರ್ಲ್ಸ್ ಚಿತ್ರದ ನೋಟು ಬಂದ ಮೇಲೂ ರಾಣಿಯ ಚಿತ್ರವಿರುವವು ಜೊತೆಯಲ್ಲೇ ಓಡಾಡುತ್ತಿವೆ.

ಕೈಗೆ ಅನುಮಾನ ಬಂದರೆ ಸ್ಕೇಲು ತೆಗೆದುಕೊಳ್ಳಿ. ಈ ನೋಟುಗಳ ಅಳತೆಯಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಪಾಲಿಮರ್‌ನಲ್ಲಿ 5 ಪೌಂಡಿನದು 125 ಮಿ.ಮೀ. ಉದ್ದ, 65 ಮಿ.ಮೀ. ಅಗಲ, ನಮ್ಮ ಹೊಸ ಹತ್ತು ರೂಪಾಯಿ ನೋಟಿಗಿಂತ ಎಲ್ಲ ಕಡೆ ಎರಡೇ ಮಿ.ಮೀ. ದೊಡ್ಡದು. ಅಲ್ಲಿಂದ 10, 20, 50ಕ್ಕೆ ಹೋದಂತೆ ಪ್ರತಿ ಸಲ ಉದ್ದ 7 ಮಿ.ಮೀ., ಅಗಲ 4 ಮಿ.ಮೀ. ಏರುತ್ತದೆ, 50 ಪೌಂಡಿನದು 146ಕ್ಕೆ 77. ಕೊನೆಯ ಕಾಗದದ ನೋಟುಗಳು ಅದೇ ಬೆಲೆಯ ಪಾಲಿಮರ್‌ಗಿಂತ ಸರಿಯಾಗಿ ಒಂದು ಸೆಂಟಿಮೀಟರ್ ಉದ್ದ: 20 ಪೌಂಡಿನದು 139ರ ಬದಲು 149. ಬೆಲೆ ಹೆಚ್ಚಿದಂತೆ ನೋಟು ದೊಡ್ಡದಾಗುವುದು ಕಣ್ಣು ಕಾಣದವರಿಗೆ ದೊಡ್ಡ ನೆರವು. ಇದರ ಜೊತೆಗೆ 10ರಲ್ಲಿ ಎರಡು, 20ರಲ್ಲಿ ಮೂರು, 50ರಲ್ಲಿ ನಾಲ್ಕು ಗುಂಪು ಉಬ್ಬುಚುಕ್ಕಿಗಳಿವೆ. 5ರಲ್ಲಿ ಚುಕ್ಕಿಯೇ ಇಲ್ಲ. ಹಣವನ್ನು ಬೆರಳೇ ಗುರುತಿಸುವಂತೆ ಮಾಡಿದ ಈ ಕಾಳಜಿ ನನಗೆ ಬಹಳ ಮೆಚ್ಚುಗೆ.

ಕಾಗದದ್ದೇ ಎಂದು ಖಚಿತವಾದರೆ ಅದು ಅಂಗಡಿಯಲ್ಲಿ ನಡೆಯುವುದಿಲ್ಲ. 5 ಪೌಂಡಿನ ಕಾಗದದ ನೋಟಿನ ಚಲಾವಣೆ 2017ರ ಮೇ 5ಕ್ಕೆ, 10ರದು 2018ರ ಮಾರ್ಚ್ 1ಕ್ಕೆ, 20 ಮತ್ತು 50ರದು 2022ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಬದಲಿಸಲು ಎಲ್ಲಕ್ಕಿಂತ ಸುಲಭದ ದಾರಿ, ಅಲ್ಲಿ ಬ್ಯಾಂಕ್ ಖಾತೆ ಇರುವ ನಂಟರು ತಮ್ಮ ಖಾತೆಗೇ ಕಟ್ಟುವುದು. ಹಲವು ಬ್ಯಾಂಕುಗಳು ತಮ್ಮ ಗ್ರಾಹಕರಿಂದ ಹಳೆಯ ನೋಟು ತೆಗೆದುಕೊಳ್ಳುತ್ತವೆ, ಮೊದಲೇ ವಿಚಾರಿಸಲಿ. ಕೆಲವು ಅಂಚೆ ಕಚೇರಿಗಳಲ್ಲಿ ಫೋಟೊ ಇರುವ ಗುರುತುಪತ್ರ ತೋರಿಸಿ ಎರಡು ವರ್ಷಕ್ಕೊಮ್ಮೆ 300 ಪೌಂಡ್‌ವರೆಗೆ ಬದಲಿಸಬಹುದು. ಮೂರನೆಯದು ಲಂಡನ್ನಿನ ಥ್ರೆಡ್‌ನೀಡಲ್ ಸ್ಟ್ರೀಟಿನಲ್ಲಿರುವ ಬ್ಯಾಂಕ್ ಆಫ್ ಇಂಗ್ಲೆಂಡಿನ ಕೌಂಟರ್. ಅಲ್ಲಿಗೆ ಗುರುತುಪತ್ರದ ಜೊತೆ ವಿಳಾಸದ ದಾಖಲೆಯನ್ನೂ ಒಯ್ಯಿರಿ. ಅರ್ಜಿ ತುಂಬಿ ಅಂಚೆಯಲ್ಲೂ ಕಳಿಸಬಹುದು, ಆದರೆ ದಾರಿಯಲ್ಲಿ ಕಳೆದರೆ ನಷ್ಟ ಕಳಿಸಿದವರದೇ. ಇಲ್ಲಿಂದ ಲಕೋಟೆಯಲ್ಲಿ ಹಣ ಕಳಿಸುವ ಸಾಹಸಕ್ಕಿಂತ, ಹೋಗುವವರ ಕೈಯಲ್ಲಿ ಕೊಡುವುದೇ ಲೇಸು.

ಇನ್ನೊಂದು ಮಾತು. ವಿದೇಶದಿಂದ ಮರಳಿ 180 ದಿನ ಕಳೆದ ಮೇಲೆ 2,000 ಡಾಲರ್‌ಗೆ ಸಮನಾದ ಮೊತ್ತಕ್ಕಿಂತ ಹೆಚ್ಚಿನ ವಿದೇಶಿ ನೋಟು ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ.

ಹರಿದ, ಸುಟ್ಟ ನೋಟಾದರೆ ಸಾಮಾನ್ಯವಾಗಿ ಅರ್ಧಭಾಗವಾದರೂ ಉಳಿದಿರಬೇಕು. ಅದಕ್ಕೆ ಬೇರೆಯೇ ಅರ್ಜಿಯಿದೆ. ನೋಟಿನ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲು ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಕ್ಲೈಡ್ಸ್‌ಡೇಲ್, ಅಲ್ಸ್ಟರ್ ಬ್ಯಾಂಕ್ ಎಂಬಂಥ ಹೆಸರಿದ್ದರೆ ಥ್ರೆಡ್‌ನೀಡಲ್ ಸ್ಟ್ರೀಟಿಗೆ ಹೋಗಿ ಫಲವಿಲ್ಲ, ಹೊರಡಿಸಿದ ಬ್ಯಾಂಕನ್ನೇ ಕೇಳಬೇಕು.

ಹಳೆಯ ಪೆಟ್ಟಿಗೆಯಲ್ಲಿ ಒಂದೇ ಬದಿಗೆ ಕಪ್ಪು ಮಸಿಯಲ್ಲಿ ಅಚ್ಚಾದ ದೊಡ್ಡ ಬಿಳಿ ನೋಟು ಸಿಕ್ಕಿದರೆ ಮಾತ್ರ ಬದಲಿಸಲು ಅವಸರಪಡಬೇಡಿ. ಅದು 1957ಕ್ಕೂ ಮೊದಲಿನ ಐದು ಪೌಂಡ್ ಇರಬಹುದು. ಬ್ಯಾಂಕು ಕೊಡುವುದು ಐದೇ ಪೌಂಡ್. ನಾಣ್ಯ–ನೋಟು ಸಂಗ್ರಹಿಸುವವರಿಗೆ ಮೊದಲು ತೋರಿಸಿ.