ಬೇರಿನ ಮೇಲೆ ಬ್ರೇಕ್ ಬಿಡಲು ಕಲಿತಿದ್ದು

ಸೆವೆಂತ್ ಸೀಕ್ರೆಟ್ ಅನ್ನುವ ಟ್ರೇಲ್‌ನಲ್ಲಿ, ಅಂದರೆ ಮೌಂಟನ್ ಬೈಕ್ (ಬೆಟ್ಟದ ಸೈಕಲ್) ಓಡಿಸುವ ಕಾಡುದಾರಿಯಲ್ಲಿ, ನಾನು ಮೊದಲ ಸಲ ಬಿದ್ದಿದ್ದು ದೊಡ್ಡ ಬಂಡೆಯ ಮೇಲಲ್ಲ, ಮುಂಗೈ ದಪ್ಪದ ಒಂದು ಬೇರಿನ ಮೇಲೆ. ಸೀಡರ್ ಮರದ ಬೇರು. ದಾರಿಗೆ ಓರೆಯಾಗಿ ಮಲಗಿತ್ತು, ಮಳೆಗೆ ನೆನೆದಿತ್ತು. ಮುಂದಿನ ಚಕ್ರ ಅದನ್ನು ಮುಟ್ಟಿದಾಗ ನನ್ನ ಬೆರಳು ಬ್ರೇಕ್ ಹಿಡಿದೇ ಇತ್ತು. ಚಕ್ರ ಬೇರಿನ ಉದ್ದಕ್ಕೆ ಸರ್ರನೆ ಜಾರಿತು. ಎಡಭುಜ ನೆಲಕ್ಕೆ ಬಡಿಯಿತು. ಮೂರು ವಾರ ಆ ಕೈ ಮೇಲೆತ್ತಲು ಆಗಲಿಲ್ಲ.

ಇದು ಕೆನಡಾದ ವ್ಯಾಂಕೂವರ್ ಪಕ್ಕದ ಫ್ರೋಮ್ ಬೆಟ್ಟ. ಊರಿನ ಉತ್ತರಕ್ಕೆ ಸಮುದ್ರದ ಕವಲು ದಾಟಿದರೆ ಬೆಟ್ಟಗಳ ಸಾಲು ಸಿಗುತ್ತದೆ. ಮೌಂಟನ್ ಬೈಕ್‌ನವರು ಅದನ್ನು ನಾರ್ತ್ ಶೋರ್ ಅನ್ನುತ್ತಾರೆ. ಸೀಡರ್, ಹೆಮ್‌ಲಾಕ್, ಡಗ್ಲಸ್ ಫರ್ ಮರಗಳ ದಟ್ಟ ಕಾಡು. ನಡುವೆ ಹಿಂದಿನ ಕಾಲದಲ್ಲಿ ಕಡಿದ ಭಾರೀ ಮರಗಳ ಬುಡಗಳು ಇನ್ನೂ ನಿಂತಿವೆ. ಕಡಿಯುವವರು ಹಲಗೆ ಸಿಕ್ಕಿಸಿ ನಿಲ್ಲಲು ಮಾಡಿಕೊಂಡ ಗುಳಿಗಳು ಅವುಗಳಲ್ಲಿ ಕಾಣುತ್ತವೆ. ನಾನು ತೀರ್ಥಹಳ್ಳಿ ಕಡೆಯವನು. ಒದ್ದೆ ಎಲೆಯ ವಾಸನೆ, ಪಾಚಿ, ಮಂಜು ಎಲ್ಲವೂ ನನಗೆ ಗೊತ್ತಿದ್ದವೇ. ಆದರೆ ಇಲ್ಲಿ ಮಳೆ ಹಿಡಿಯುವುದು ಚಳಿಗಾಲದಲ್ಲಿ. ಜುಲೈ, ಆಗಸ್ಟ್ ಒಣಗಿರುತ್ತವೆ.

ಇಲ್ಲಿ ಟ್ರೇಲ್‌ಗಳಿಗೆ ಗುರುತು ಇದೆ. ಸುಲಭಕ್ಕೆ ಹಸಿರು ವೃತ್ತ, ಆಮೇಲೆ ನೀಲಿ ಚೌಕ, ಕಷ್ಟದ್ದಕ್ಕೆ ಕಪ್ಪು ವಜ್ರ. ಸೆವೆಂತ್ ಸೀಕ್ರೆಟ್ ಕಪ್ಪು ವಜ್ರ. ಮೇಲೆ ಹೋಗಲು ಮೌಂಟನ್ ಹೈವೇ ಅನ್ನುವ ಜಲ್ಲಿ ರಸ್ತೆಯಲ್ಲಿ ತಿರುವಿನ ಮೇಲೆ ತಿರುವು ಹತ್ತಬೇಕು. ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಭುಜ ಸರಿಯಾದ ಮೇಲೆ ಮೊದಲು ಟೈರಿನ ಗಾಳಿ ನೋಡಿದೆ. ಅಂಗಡಿಯಲ್ಲಿ 35 ಪಿಎಸ್‌ಐ ತುಂಬಿಸಿ ಕೊಟ್ಟಿದ್ದರು. ಒದ್ದೆ ಬೇರಿಗೆ ಅದು ತೀರಾ ಜಾಸ್ತಿ. ಗಟ್ಟಿ ಟೈರು ಬೇರಿನ ಮೇಲೆ ಪುಟಿಯುತ್ತದೆ, ಮೆತ್ತಗಿನದು ಅದನ್ನು ಅಪ್ಪಿಕೊಂಡು ದಾಟುತ್ತದೆ. ನನ್ನ ತೂಕ 70 ಕೆಜಿ, ಟೈರು ಟ್ಯೂಬ್‌ಲೆಸ್. ಮುಂದೆ 22, ಹಿಂದೆ 25ಕ್ಕೆ ಇಳಿಸಿದೆ. ಆ ಒಂದೇ ಬದಲಾವಣೆಗೆ ಬೈಕ್ ಬೇರೆಯದೇ ಅನ್ನಿಸಿತು.

ಆದರೆ ನನಗೆ ನಿಜವಾಗಿ ಕಲಿಸಿದ್ದು ಗುದ್ದಲಿ. ನಾರ್ತ್ ಶೋರ್ ಮೌಂಟನ್ ಬೈಕ್ ಅಸೋಸಿಯೇಷನ್ 1997ರಿಂದ ಇಲ್ಲಿನ ಟ್ರೇಲ್‌ಗಳನ್ನು ನೋಡಿಕೊಳ್ಳುತ್ತಿದೆ. ಅವರ ಶ್ರಮದಾನಕ್ಕೆ ಯಾರು ಬೇಕಾದರೂ ಹೋಗಬಹುದು. ಒಂದು ಭಾನುವಾರ ಹೋದೆ. ನೀರು ಹೊರಗೆ ಹೋಗುವ ಚರಂಡಿ ಬಿಡಿಸಿದೆವು, ಬಕೆಟ್‌ನಲ್ಲಿ ಮಣ್ಣು ಹೊತ್ತೆವು, ಬೇರುಗಳ ನಡುವೆ ಕಲ್ಲು ಕೂರಿಸಿದೆವು. ಜೊತೆಗಿದ್ದ ಹಳಬರೊಬ್ಬರು ಒಂದು ಜಾಗ ತೋರಿಸಿದರು. ಬೇರುಗಳೆಲ್ಲ ಪಕ್ಕೆಲುಬಿನ ಹಾಗೆ ಎದ್ದಿದ್ದವು. ಎಲ್ಲರೂ ಅಲ್ಲೇ ಬ್ರೇಕ್ ಒತ್ತುತ್ತಾರೆ, ಚಕ್ರ ಎಳೆದು ಮಣ್ಣು ಸಡಿಲವಾಗುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ ಎಂದರು. ನಾನು ಬಿದ್ದ ಬೇರು ಹೊರಗೆ ಬಂದಿದ್ದೂ ಹಾಗೆಯೇ ಅಲ್ವಾ? ನನ್ನ ಹಾಗೆ ಹೆದರಿದವರು ಒಬ್ಬೊಬ್ಬರಾಗಿ ಅದನ್ನು ಎಬ್ಬಿಸಿದ್ದರು.

ಅಂದಿನಿಂದ ಟ್ರೇಲ್ ನೋಡುವ ರೀತಿಯೇ ಬದಲಾಯಿತು. ಬೇರಿನ ಗೊಂಚಲು ಬರುವ ಮೊದಲು ಮಣ್ಣು ಗಟ್ಟಿಯಾಗಿರುವ ಜಾಗ ಹುಡುಕುತ್ತೇನೆ. ಬ್ರೇಕ್ ಅಲ್ಲೇ ಹಾಕಿ ಮುಗಿಸಬೇಕು. ಬೇರಿನ ಮೇಲೆ ಚಕ್ರ ಸುಮ್ನೆ ಉರುಳಬೇಕು. ನಮ್ಮೂರಿನ ಪಾಚಿ ಹಿಡಿದ ಅಂಗಳ ನೆನಪಾಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಮೆಲ್ಲಗೆ ನಡೆದು ಹೋದರೆ ಏನೂ ಆಗುವುದಿಲ್ಲ. ನಡುವೆ ಗಕ್ಕನೆ ನಿಲ್ಲಲು ಹೋದವರೇ ಬೀಳುವುದು.

ಮೈಯ ಭಾರ ಪಾದದಲ್ಲಿ ಇರಬೇಕು. ಎರಡೂ ಪೆಡಲ್ ಸಮ, ಹಿಮ್ಮಡಿ ಕೆಳಗೆ, ಸೀಟು ಪೂರ್ತಿ ಇಳಿದಿರಬೇಕು. ಹ್ಯಾಂಡಲ್ ಹಗುರವಾಗಿ ಹಿಡಿದರೆ ಮುಂದಿನ ಚಕ್ರ ತಾನೇ ಸ್ವಲ್ಪ ಆಚೀಚೆ ಆಗಿ ದಾರಿ ಹಿಡಿಯುತ್ತದೆ. ಬೇರನ್ನು ಆದಷ್ಟು ಅಡ್ಡಕ್ಕೆ, ನೇರವಾಗಿ ದಾಟಬೇಕು. ಓರೆ ಬೇರು ತಪ್ಪಿಸಲು ಆಗದಿದ್ದರೆ ಮುಂದಿನ ಚಕ್ರವನ್ನು ಒಂದು ಕ್ಷಣ ಹಗುರ ಮಾಡಿ ದಾಟಿಸುತ್ತೇನೆ. ಕಣ್ಣು ಮಾತ್ರ ಬೇರಿನ ಮೇಲೆ ಇರಬಾರದು. ಅಡಿಕೆ ಮರದ ಸಂಕ ದಾಟುವಾಗ ಕಾಲು ನೋಡಬೇಡ, ಆಚೆ ದಡ ನೋಡು ಎಂದು ಅಜ್ಜಿ ಹೇಳುತ್ತಿದ್ದರು. ಇಲ್ಲೂ ಅದೇ.

ನವೆಂಬರ್‌ನಲ್ಲಿ ಮತ್ತೆ ಹೋದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಆ ಬೇರಿನ ಹತ್ತಿರ ಬೈಕ್ ನಿಲ್ಲಿಸಿ ಎರಡು ಸಲ ನಡೆದು ನೋಡಿದೆ. ಮೇಲೆ ಎರಡು ಬೈಕ್ ಉದ್ದದಷ್ಟು ದೂರದಲ್ಲಿ ಗಟ್ಟಿ ಮಣ್ಣಿತ್ತು. ಅಲ್ಲಿ ಬ್ರೇಕ್ ಹಾಕಿದೆ, ಬೆರಳು ಬಿಟ್ಟೆ. ಹಿಂದಿನ ಚಕ್ರ ಒಂದು ಗೇಣು ಜಾರಿತು. ಎದೆ ಧಸಕ್ಕೆಂದಿತು. ಆದರೂ ಬೆರಳು ಬ್ರೇಕಿಗೆ ಹೋಗಲಿಲ್ಲ. ಬೈಕ್ ತಾನೇ ಸರಿಯಾಗಿ ಕೆಳಗೆ ಇಳಿಯಿತು. ಅಲ್ಲಿಂದ ಲೆಪರ್ಡ್, ಕ್ರಿಂಕಮ್ ಕ್ರಾಂಕಮ್, ಕರ್ಕ್‌ಫರ್ಡ್ ಟ್ರೇಲ್‌ಗಳನ್ನು ಹಿಡಿದು ಕೆಳಗಿನವರೆಗೂ ಹೋದೆ. ಇಡೀ ದಾರಿ ನಗುತ್ತಲೇ ಇದ್ದೆ.

ಆ ಬೇರಿನ ಕೆಳಗೆ ಒಂದು ಕಡಿದಾದ ಬಂಡೆ ಇದೆ. ಒಣಗಿದ್ದರೆ ಈಗ ಅದನ್ನೂ ಬೈಕ್‌ನಲ್ಲೇ ಇಳಿಯುತ್ತೇನೆ. ಒದ್ದೆ ಇದ್ದರೆ ಬೈಕ್ ಹೆಗಲಿಗೆ ಹಾಕಿಕೊಂಡು ನಡೆಯುತ್ತೇನೆ.