111ನೇ ರ‍್ಯಾಂಕಿನ ದಾರಿ: ಮಾಲೆಯಲ್ಲಿ ಕೋಚ್ ಆಗಿದ್ದಾಗ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು ಆಡಿದ ಮೊದಲ ಮ್ಯಾಚ್ ನೆನಪಿದೆಯಾ? 2024ರ ಜುಲೈ 28. ಎದುರಿಗಿದ್ದವರು ಮಾಲ್ಡೀವ್ಸ್‌ನ ಫಾತಿಮತ್ ನಬಾಹಾ ಅಬ್ದುಲ್ ರಜಾಕ್. 21-9, 21-6, 29 ನಿಮಿಷಕ್ಕೆ ಮುಗಿಯಿತು. ನನ್ನ ಗೆಳೆಯರೆಲ್ಲ "ಒಳ್ಳೆ ಪ್ರಾಕ್ಟೀಸ್ ಮ್ಯಾಚ್ ಸಿಕ್ಕಿತು ಬಿಡು" ಅಂದು ನಕ್ಕರು. ಆಗ ನಬಾಹಾ ವಿಶ್ವ ರ‍್ಯಾಂಕಿಂಗ್‌ನಲ್ಲಿ 111. ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಕೋಚ್ ಆಗಿದ್ದ ನನಗೆ ಮಾತ್ರ ನಗು ಬರಲಿಲ್ಲ. ಆ ನಂಬರ್ ಮುಟ್ಟೋದು ಎಷ್ಟು ಕಷ್ಟ ಅಂತ ಹತ್ತಿರದಿಂದ ನೋಡಿದವನು ನಾನು. ನಬಾಹಾ ಅವರಿಗೆ ನಾನು ಕೋಚ್ ಆಗಿರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿಕೊಂಡಿದ್ದು ಅವರಿಗಿಂತ ಚಿಕ್ಕ ಹುಡುಗಿಯೊಬ್ಬಳನ್ನು. ಹೆಸರು ಬೇಡ.

ಮಾಲ್ಡೀವ್ಸ್ ಅಂದರೆ ಸುಮಾರು 1,200 ದ್ವೀಪ, ಉತ್ತರದಿಂದ ದಕ್ಷಿಣಕ್ಕೆ 800 ಕಿ.ಮೀ.ಗೂ ಜಾಸ್ತಿ ಉದ್ದ, ಜನ ಮಾತ್ರ 5 ಲಕ್ಷದ ಆಸುಪಾಸು. ಬೇರೆ ದ್ವೀಪದ ಮಗು ಚೆನ್ನಾಗಿ ಆಡುತ್ತದೆ ಅಂದರೆ ಮನೆ ಬಿಟ್ಟು ಮಾಲೆಗೆ ಬರಬೇಕು. ನನ್ನ ಹುಡುಗಿಯೂ ಹಾಗೇ ಬಂದವಳು, ಚಿಕ್ಕಮ್ಮನ ಮನೆಯಲ್ಲಿ ಇದ್ದಳು.

ಅವಳ ಸ್ಟ್ರೋಕ್ಸ್ ಚೆನ್ನಾಗಿಯೇ ಇದ್ದವು. ತೊಂದರೆ ಏನೆಂದರೆ ಅವಳನ್ನು ಸೋಲಿಸುವ ಹುಡುಗಿಯರೇ ಸುತ್ತಮುತ್ತ ಇರಲಿಲ್ಲ. ಬೆಂಗಳೂರಿನ ಒಂದು ಒಳ್ಳೆ ಅಕಾಡೆಮಿಯಲ್ಲಿ ಬೆಳಗ್ಗೆ ಒಬ್ಬಳ ಹತ್ತಿರ ಸೋತರೆ ಸಂಜೆ ಇನ್ನೊಬ್ಬಳ ಹತ್ತಿರ ಸೋಲಬಹುದು, ಹಾಗೆ ಸೋತು ಸೋತೇ ಆಟ ಬೆಳೆಯುತ್ತದೆ. ಮಾಲೆಯಲ್ಲಿ ವಾರವೆಲ್ಲ ಗೆದ್ದು, ವಿದೇಶಕ್ಕೆ ಹೋಗಿ ಮೊದಲ ಸುತ್ತಿನಲ್ಲೇ 21-8ರಲ್ಲಿ ಸೋತು ಬರುತ್ತಿದ್ದಳು. ಅದಕ್ಕೆ ಇಬ್ಬರು ಹುಡುಗರನ್ನು ಒಂದು ಕಡೆ ನಿಲ್ಲಿಸಿ, ಇವಳೊಬ್ಬಳನ್ನೇ ಇನ್ನೊಂದು ಕಡೆ ಆಡಿಸೋಕೆ ಶುರು ಮಾಡಿದೆ. ಹುಡುಗರು ಸ್ಮ್ಯಾಶ್ ಹೊಡೆಯುವಂತಿಲ್ಲ. ಬರೀ ಟಾಸ್ (ಹಿಂದಿನ ಗೆರೆಯತ್ತ ಎತ್ತರಕ್ಕೆ ಹೊಡೆಯೋದು), ಡ್ರಾಪ್ (ನೆಟ್ ದಾಟಿಸಿ ಮೆಲ್ಲಗೆ ಇಳಿಸೋದು), ಡ್ರಿಬಲ್ (ನೆಟ್ ಪಕ್ಕದಲ್ಲೇ ಮೆಲ್ಲಗೆ ತಟ್ಟೋದು). ಪಾಯಿಂಟ್ ಬೇಗ ಮುಗಿಯೋದೇ ಇಲ್ಲ, ರ‍್ಯಾಲಿ 30, 40 ಹೊಡೆತಕ್ಕೆ ಹೋಗುತ್ತದೆ. ಮೊದಲ ವಾರ ಅವಳು ನನ್ನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ! ರಂಜಾನ್ ತಿಂಗಳಲ್ಲಿ ಇದೆಲ್ಲ ರಾತ್ರಿ ಪಾಳಿ. ಇಫ್ತಾರ್ ಆಗಿ, ರಾತ್ರಿಯ ತರಾವೀಹ್ ನಮಾಜ್ ಮುಗಿಸಿ, 10 ಗಂಟೆ ಮೇಲೆ ಹಾಲ್ ತುಂಬುತ್ತಿತ್ತು. ಹಾಗೆ ನೋಡಿದರೆ ವರ್ಷದಲ್ಲಿ ಪ್ರಾಕ್ಟೀಸ್ ಚೆನ್ನಾಗಿ ಆಗುತ್ತಿದ್ದುದೇ ಆ ತಿಂಗಳು. ಹುಡುಗರೆಲ್ಲ ಒಟ್ಟಿಗೆ ಸಿಗುತ್ತಿದ್ದರಲ್ಲ.

ಇನ್ನು ಶಟಲ್ ವಿಷಯ. ಸೆಕೆಯಲ್ಲಿ ಗಾಳಿ ತೆಳು, ಶಟಲ್ ಜೋರಾಗಿ ಹೋಗುತ್ತದೆ. ಅದಕ್ಕೆ ಮಾಲೆಯಂಥ ಊರಿನಲ್ಲಿ 75 ಅಥವಾ 76 ಸ್ಪೀಡಿನ ನಿಧಾನದ ಶಟಲ್ ತಗೋಬೇಕು. ಚಳಿ ದೇಶದ ಹಾಲ್‌ಗಳಲ್ಲಿ 78 ಇಡುತ್ತಾರೆ. ಸರಿಯಾದ ಶಟಲ್ ಅಂದರೆ ಹಿಂದಿನ ಗೆರೆ ಮೇಲೆ ನಿಂತು, ಕೆಳಗಿನಿಂದ ಪೂರ್ತಿ ಬೀಸಿ ಹೊಡೆದರೆ, ಆ ಕಡೆಯ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬೀಳಬೇಕು. ನಿಯಮದಲ್ಲೇ ಇದೆ. ನಮ್ಮ ಕ್ಲಬ್‌ನಲ್ಲಿ ದುಡ್ಡು ಉಳಿಸೋಕೆ ಯಾವುದು ಅಗ್ಗಕ್ಕೆ ಸಿಕ್ಕಿತೋ ಅದನ್ನೇ ತರಿಸುತ್ತಿದ್ದರು. ಅದು ಗೆರೆ ದಾಟಿ ಹೋಗುತ್ತಿತ್ತು. ಹುಡುಗಿ ತನಗೇ ಗೊತ್ತಿಲ್ಲದೆ ಕೈ ಬಿಗಿಹಿಡಿದು ಅರ್ಧ ಟಾಸ್ ಹೊಡೆಯೋದನ್ನ ರೂಢಿ ಮಾಡಿಕೊಂಡಿದ್ದಳು. ಸರಿಯಾದ ಶಟಲ್ ಇಡುವ ವಿದೇಶದ ಟೂರ್ನಿಗೆ ಹೋದರೆ ಅದೇ ಟಾಸ್ ಮಧ್ಯ ಕೋರ್ಟಿಗೆ ಬಂದು ಬೀಳುತ್ತದೆ, ಎದುರಿನವಳಿಗೆ ಹಬ್ಬ. ಹಾಗಾಗಿ ಶಟಲ್ ಬಾಕ್ಸ್ ಬಂದ ದಿನ ಪ್ರತಿ ಟ್ಯೂಬಿನಿಂದ ಒಂದನ್ನು ತೆಗೆದು ಹೊಡೆದು ನೋಡಿ, ಓಡುವ ಶಟಲ್‌ಗಳನ್ನೆಲ್ಲ ಚಿಕ್ಕ ಮಕ್ಕಳ ಬ್ಯಾಚಿಗೆ ಕೊಟ್ಟುಬಿಡುತ್ತಿದ್ದೆ. ಅವಳ ಟಾಸ್ ಗೆರೆವರೆಗೆ ಹೋಗೋಕೆ ಒಂದು ಸೀಸನ್ ಹಿಡಿಯಿತು.

ಆಮೇಲೆ ಬರುವುದು ಲೆಕ್ಕ. ನನ್ನ ಪ್ರಕಾರ ಸಣ್ಣ ದೇಶದ ಆಟಗಾರ್ತಿಯ ಕೆರಿಯರ್ ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ. ರ‍್ಯಾಂಕಿಂಗ್ ಅಂದರೆ ಕಳೆದ 52 ವಾರದಲ್ಲಿ ಆಡಿದ ಟೂರ್ನಿಗಳಲ್ಲಿ ಚೆನ್ನಾಗಿ ಆಡಿದ 10ರ ಮೊತ್ತ. ಆರೇ ಆಡಿದರೆ ನಾಲ್ಕು ಜಾಗ ಖಾಲಿ. ದುಡ್ಡು ಇಲ್ಲದವರ ರ‍್ಯಾಂಕ್ ಕೆಳಗೆ ಇರೋದು ಇದಕ್ಕೇ, ಆಟ ಬರಲ್ಲ ಅಂತಲ್ಲ. ಇಂಟರ್‌ನ್ಯಾಷನಲ್ ಚಾಲೆಂಜ್ ಅನ್ನೋ ಮಟ್ಟದ ಟೂರ್ನಿಯ ಮುಖ್ಯ ಡ್ರಾದಲ್ಲಿ (ಪಂದ್ಯಪಟ್ಟಿಯಲ್ಲಿ) 32ರ ಸುತ್ತಿನಲ್ಲೇ ಸೋತರೂ 920 ಪಾಯಿಂಟ್. ಅದಕ್ಕಿಂತ ಕೆಳಗಿನ ಫ್ಯೂಚರ್ ಸೀರೀಸ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಹೋದರೂ ಅದೇ 920. ಹಾಗಾದರೆ ಚಾಲೆಂಜ್‌ಗೇ ಹೋಗೋಣ ಅನಿಸುತ್ತದೆ ಅಲ್ವಾ? ಆದರೆ ರ‍್ಯಾಂಕ್ ಇಲ್ಲದವಳಿಗೆ ಅಲ್ಲಿ ಎಂಟ್ರಿಯೇ ಸಿಗಲ್ಲ, ರಿಸರ್ವ್ ಪಟ್ಟಿಯಲ್ಲಿ ಕೂರಬೇಕು. ಅದಕ್ಕೆ ನಾವು ಮೊದಲು ಆಫ್ರಿಕಾದ ಕಡೆಯ ಸಣ್ಣ ಟೂರ್ನಿಗಳನ್ನು ಹಿಡಿದೆವು. ಅಲ್ಲಿ ಪೈಪೋಟಿ ಕಡಿಮೆ, ಒಂದೆರಡು ಮ್ಯಾಚ್ ಗೆಲ್ಲಬಹುದು, ಗೆದ್ದು ಅಭ್ಯಾಸವೂ ಆಗುತ್ತದೆ. ರ‍್ಯಾಂಕ್ ಸ್ವಲ್ಪ ಮೇಲೆ ಬಂದ ಮೇಲೇ ಚಾಲೆಂಜ್. ಮನೆಯಂಗಳದಲ್ಲೇ ನಡೆಯುವ ಮಾಲ್ಡೀವ್ಸ್ ಇಂಟರ್‌ನ್ಯಾಷನಲ್ ಅಂತೂ ಬಿಡೋದೇ ಇಲ್ಲ, ಟಿಕೆಟ್ ಖರ್ಚು ಇಲ್ಲವಲ್ಲ.

ಒಲಿಂಪಿಕ್ಸ್ ಕನಸು ಇದ್ದೇ ಇತ್ತು. 2012ರಲ್ಲಿ ಲಂಡನ್‌ನಲ್ಲಿ ಮಾಲ್ಡೀವ್ಸ್ ಪರವಾಗಿ ಮೊಹಮ್ಮದ್ ಅಜ್ಫಾನ್ ರಶೀದ್ ಆಡಿದ್ದನ್ನು ಮಾಲೆಯ ಮಕ್ಕಳಿಗೆ ದೊಡ್ಡವರು ಹೇಳುತ್ತಲೇ ಇರುತ್ತಾರೆ. ಆದರೆ ಇಲ್ಲೊಂದು ಅನ್ಯಾಯ ನೋಡಿ. ಪ್ರತಿ ಖಂಡಕ್ಕೂ ಕನಿಷ್ಠ ಒಂದು ಸ್ಥಾನ ಇರಬೇಕು ಅನ್ನೋದು ನಿಯಮ. ಮಾರಿಷಸ್ ಕೂಡ ಹಿಂದೂ ಮಹಾಸಾಗರದ ದ್ವೀಪವೇ, ಆದರೆ ಅದು ಆಫ್ರಿಕಾ ಲೆಕ್ಕ. ಅಲ್ಲಿನ ಹುಡುಗಿ ಆಫ್ರಿಕಾದಲ್ಲಿ ಮೊದಲಿಗಳಾದರೆ ದಾರಿ ತೆರೆಯುತ್ತದೆ. ಮಾಲ್ಡೀವ್ಸ್ ಹುಡುಗಿ ನಿಂತಿರೋದು ಏಷ್ಯಾದ ಸಾಲಿನಲ್ಲಿ. ಮುಂದೆ ಚೀನಾ, ಜಪಾನ್, ಕೊರಿಯಾ, ಥಾಯ್ಲೆಂಡ್, ನಮ್ಮ ಭಾರತ. ಸಣ್ಣ ದೇಶಗಳಿಗೆ ಅಂತ ಆಹ್ವಾನದ ಸೀಟುಗಳಿವೆ, ಅದಕ್ಕೂ ದೇಶದೊಳಗೆ ಮೊದಲಿಗಳಾಗಿರಬೇಕು.

ನನ್ನ ಹುಡುಗಿ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಈಗ ಬೆಳಗ್ಗೆ ಕೆಲಸ, ಸಂಜೆ ಕ್ಲಬ್‌ನಲ್ಲಿ ಮಕ್ಕಳಿಗೆ ಫೀಡಿಂಗ್ (ಅಭ್ಯಾಸಕ್ಕೆ ಒಂದಾದ ಮೇಲೊಂದು ಶಟಲ್ ಹಾಕಿಕೊಡೋದು), ಅದರ ನಡುವೆ ತನ್ನ ಆಟ. ನಬಾಹಾ ಅವರೂ ಅಕ್ಕತಂಗಿ ಜೋಡಿಯಾಗಿ ನಬೀಹಾ ಜೊತೆ ಡಬಲ್ಸ್ ಆಡುತ್ತಾರಲ್ಲ, ಅದನ್ನು ನೋಡಿ ಇವಳಿಗೂ ಡಬಲ್ಸ್ ಹುಚ್ಚು ಹಿಡಿದಿದೆ. ನಾನು ಊರಿಗೆ ವಾಪಸ್ ಬಂದ ಮೇಲೂ ಎಂಟ್ರಿ ಹಾಕುವ ಮುಂಚೆ ಮೆಸೇಜ್ ಮಾಡುತ್ತಾಳೆ, "ಕೋಚ್, ಎರಡಕ್ಕೂ ಹಾಕಲಾ, ಸುಸ್ತಾಗಲ್ವಾ?" ಅಂತ. ಹಾಕು ಅನ್ನುತ್ತೇನೆ. ಅಷ್ಟು ಖರ್ಚು ಮಾಡಿ ಹೋಗುವಾಗ ಒಂದೇ ಮ್ಯಾಚ್ ಆಡಿ ಬರಬಾರದು.