ಮನೆಗೊಂದು ಪಾತಿ ಅನ್ನೋದನ್ನ ಬಿಟ್ವಿ, ತೋಟ ಉಳೀತು: ನನ್ನ ಅನುಭವ

ಕಮ್ಯೂನಿಟಿ ಗಾರ್ಡನ್, ಅಂದ್ರೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಬೆಳೆಯೋ ತೋಟ, ಅಂದ್ರೆ ಸಾಕು ಮನೆಗೊಂದು ಪಾತಿ ಹಂಚಿಬಿಡೋದು ಅಂತಲೇ ಎಲ್ಲರ ಲೆಕ್ಕ. ನಮ್ಮಲ್ಲೂ ಮೊದಮೊದಲು ಹಂಗೇ ನಡೀತಿತ್ತು. ಶುರುವಲ್ಲಿ ಉತ್ಸಾಹ ಉಕ್ಕಿ ಹರೀತು, ಬಿಸಿಲು ಏರಿದ್ಮೇಲೆ ಅರ್ಧಕ್ಕರ್ಧ ಪಾತಿ ಪಾಳು, ಅಲ್ಲಿ ಬೀಜ ಉದುರಿಸಿದ ಕಳೆ ಪಕ್ಕದವರ ಪಾತಿಗೆ, ಆಮೇಲೆ ಜಗಳ. ವಾಪಸ್ ಕೊಡಿ ಅಂದ್ರೆ "ಮುಂದಿನ ವಾರ ಬರ್ತೀನಿ". ಸ್ವಂತ ಪಾತಿ ಅನ್ನೋದನ್ನೇ ತೆಗೆದುಹಾಕೋಣ ಅಂದೆ. "ದುಡಿಯೋನೊಬ್ಬ, ಕೊಯ್ಯೋರು ಹತ್ತು ಜನ ಆಗತ್ತೆ ನೋಡ್ತಾ ಇರಿ" ಅಂತ ನಕ್ಕೋರೇ ಜಾಸ್ತಿ.

ಈಗ ಒಂದು ಪಾತಿನೂ ಖಾಲಿ ಇಲ್ಲ. ಪಾತಿ ಬದಲು ಕೆಲಸ ಹಂಚಿದ್ವಿ ಅಷ್ಟೇ, ನೀರಿಗೊಂದು ಗುಂಪು, ಕಾಂಪೋಸ್ಟಿಗೊಂದು, ಕೂತು ಮಾಡೋ ಸಸಿ ಕೆಲಸ ವಯಸ್ಸಾದವರಿಗೆ. ಕೊಯ್ಲು ವಾರಕ್ಕೊಂದೇ ದಿನ, ಅವತ್ತೇ ಪಾಲು. ಒಬ್ಬರೇ ಇರೋ ಅಜ್ಜಿ ಒಂದು ವಾರ ಬರ್ಲಿಲ್ಲ ಅಂದ್ರೆ ಸಸಿ ಗುಂಪಿನವರು ಬಾಗಿಲು ತಟ್ಟಿ ನೋಡ್ಕೊಂಡು ಬರ್ತಾರೆ, ಮೊದಲು ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಪಾಲು ಲೆಕ್ಕ ಹಾಕೋಕೆ ನಂದೊಂದು ಸೂತ್ರ ಇದೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ.

ಇನ್ನು ದುಡ್ಡು. ಮೊದಲ ಚಂದಾದಲ್ಲಿ ಮುಕ್ಕಾಲು ಪಾಲು ನುಂಗಿದ್ದು ಎತ್ತರದ ಪಾತಿಗಳ ಹಲಗೆ ಮತ್ತೆ ಹೊರಗಿಂದ ತರಿಸಿದ ಮಣ್ಣು. ಹಳೇ ಕಟ್ಟಡ ಕೆಡವಿದ ಜಾಗ ಅದು, ಹಳೇ ಪೇಂಟಿನ ಸೀಸ (ಲೆಡ್, ವಿಷದ ಲೋಹ) ಮಣ್ಣಲ್ಲಿ ಉಳಿದಿರತ್ತೆ ಅಂತ ಟೆಸ್ಟ್ ಮಾಡಿಸಿದ್ವಿ, ರಿಪೋರ್ಟ್ ನೋಡಿದ್ಮೇಲೆ ಸೊಪ್ಪು ಗೆಡ್ಡೆ ನೆಲಕ್ಕೆ ಹಾಕೋ ಧೈರ್ಯ ಬರ್ಲಿಲ್ಲ. ಟೆಸ್ಟಿನ ಖರ್ಚು ಹಲಗೆಯ ಮುಂದೆ ಏನೇನೂ ಅಲ್ಲ, ಅದನ್ನ ಉಳಿಸೋಕೆ ಹೋಗ್ಬೇಡಿ. ಮಣ್ಣು ತಂದೋನು ಗೊಬ್ಬರ ಮಿಕ್ಸ್ ಅಂತ ಹೇಳಿ ಕಾಲುಭಾಗ ಕಲ್ಲೇ ಸುರಿದು ಹೋದ. ಆ ಸಿಟ್ಟಿಗೇ ಮನೆಗಳ ಹಸಿ ಕಸ ಒಟ್ಟು ಮಾಡಿ ಕಾಂಪೋಸ್ಟ್ ಮಾಡೋಕೆ ಶುರು ಮಾಡಿದ್ದು. ಒಣ ಎಲೆ ಸುಮಾರು ಮೂರು ಪಾಲು, ಹಸಿ ಕಸ ಒಂದು ಪಾಲು, ರಾಶಿ ಎಲ್ಲಾ ಕಡೆ ಒಂದೊಂದು ಮೀಟರ್ ಆದ್ರೂ ಇರಬೇಕು, ಚಿಕ್ಕದಾದ್ರೆ ಕೊಳೆಯೋವಾಗ ಹುಟ್ಟೋ ಬಿಸಿ ನಿಲ್ಲಲ್ಲ. 55 ಡಿಗ್ರಿ ದಾಟಿ ಕೆಲವು ದಿನ ಹಂಗೇ ಇದ್ರೆ ಕಳೆ ಬೀಜ ಬಹುಪಾಲು ಸಾಯ್ತವೆ, ಆದ್ರೆ ಅಂಚಿನದು ತಣ್ಣಗೇ ಇರತ್ತೆ, ತಿರುವಿ ಒಳಗೆ ಹಾಕ್ಬೇಕು. ಈಗ ಗೊಬ್ಬರಕ್ಕೆ ಅಂತ ಕೈಯಿಂದ ಹೋಗೋದು ಹೆಚ್ಚುಕಮ್ಮಿ ಸೊನ್ನೆ.

ಮಧ್ಯೆ ಒಂದು ಹುಚ್ಚು ಪ್ರಯೋಗನೂ ಆಯ್ತು, ಮೆರುಗಿಲ್ಲದ ಮಣ್ಣಿನ ಮಡಿಕೆ ಕತ್ತಿನ ತನಕ ಹೂತು ನೀರು ತುಂಬಿ ಮುಚ್ಚಳ ಹಾಕೋದು, ನೀರು ಮೆಲ್ಲಗೆ ಜಿನುಗಿ ಬೇರಿಗೆ ಹೋಗ್ಲಿ ಅಂತ. ಟೊಮ್ಯಾಟೊಗೆ ಭರ್ಜರಿ, ಮೂರ್ನಾಲ್ಕು ದಿನ ಯಾರೂ ನೀರು ಹಾಕದಿದ್ರೂ ಗಿಡ ಬಾಡಲಿಲ್ಲ. ಸೊಪ್ಪಿಗೆ ಆಗ್ಲಿಲ್ಲ, ಬೇರು ಚಿಕ್ಕದು, ಮಡಿಕೆಯಿಂದ ಒಂದಡಿ ಆಚೆ ಇದ್ದ ಸಾಲು ಪೂರ್ತಿ ಒಣಗಿ ಹೋಯ್ತು. ಸೊಪ್ಪಿಗೆ ಪೈಪಿಂದ ಹನಿಹನಿ ನೀರು ಬಿಡೋ ಡ್ರಿಪ್ಪೇ ಸೈ. ಈ ಸಲ ಬದನೆ ಪಾತಿಲೂ ಮಡಿಕೆ ಹೂತಿದೀವಿ.